ಕ್ಯಾವಿಟಿಯಲ್ಲಿ ಇಟ್ಟ ಕ್ವಾಂಟಮ್ ಸ್ಥಿತಿ ದಿಕ್ಕು ಬದಲಿಸಿ ಮರಳುತ್ತಿದೆ: ಕಾರಣವೇನು?

ಪ್ರಶ್ನೆ:
5 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಾನ್ ಕ್ಯೂಬಿಟ್ (ಅತಿವಾಹಕ ಸರ್ಕ್ಯೂಟ್‌ನಿಂದಾದ ಕ್ವಾಂಟಮ್ ಬಿಟ್) ಒಂದನ್ನು ಅಲ್ಯೂಮಿನಿಯಂ ಕ್ಯಾವಿಟಿಗೆ (ಮೈಕ್ರೊವೇವ್ ಅಲೆಯನ್ನು ಹಿಡಿದಿಡುವ ಲೋಹದ ಪೊಳ್ಳು ಪೆಟ್ಟಿಗೆಗೆ) ಜೋಡಿಸಿ, 15 ಮಿಲಿಕೆಲ್ವಿನ್ ತಾಪಮಾನದಲ್ಲಿ ಇರಿಸಿದ್ದೇವೆ. ಎರಡು ಪಂಪ್ ಪಲ್ಸ್‌ಗಳಿಂದ (ಹೊರಗಿನಿಂದ ಕೊಡುವ ಮೈಕ್ರೊವೇವ್ ಮಿಡಿತಗಳಿಂದ) ಕ್ಯೂಬಿಟ್‌ನ ಸ್ಥಿತಿಯನ್ನು ಕ್ಯಾವಿಟಿಗೆ ವರ್ಗಾಯಿಸಿ, ಕಾದು, ಅವುಗಳಿಂದಲೇ ಹಿಂಪಡೆಯುತ್ತೇವೆ. 0 ಮತ್ತು 1 ಸರಿಯಾಗಿ ಮರಳುತ್ತವೆ. ಆದರೆ ಅವೆರಡರ ಸೂಪರ್‌ಪೊಸಿಷನ್ (ಎರಡೂ ಬೆರೆತ ಸ್ಥಿತಿ) ಇಟ್ಟು, ಕಾಯುವ ಅವಧಿಯನ್ನು ಪ್ರತಿ ಸಲ 5 ಮೈಕ್ರೊಸೆಕೆಂಡ್‌ನಂತೆ ಹೆಚ್ಚಿಸುತ್ತ ಹೋದರೆ ಪ್ರತಿ ಅವಧಿಗೂ ಬೇರೆ ದಿಕ್ಕಿನ ಸ್ಥಿತಿ ಸಿಗುತ್ತದೆ. ಕ್ಯಾವಿಟಿಯನ್ನೇ ಬದಲಿಸಬೇಕೆ?

ಉತ್ತರ:
ದಯವಿಟ್ಟು ಈಗಲೇ ಏನನ್ನೂ ಬಿಚ್ಚಬೇಡಿ. ಒಂದೇ ಅವಧಿಗೆ ಸಾವಿರಾರು ಸಲ ಅಳೆದು ಸರಾಸರಿ ತೆಗೆದಾಗ ಬ್ಲಾಖ್ ಗೋಳದಲ್ಲಿನ (ಕ್ಯೂಬಿಟ್‌ನ ಸ್ಥಿತಿಯನ್ನು ಬಾಣವಾಗಿ ತೋರಿಸುವ ಗೋಳಾಕಾರದ ಚಿತ್ರ) ಬಾಣದ ಉದ್ದ ಕುಗ್ಗಿದೆಯೇ ಎಂದು ಮೊದಲು ನೋಡಿ. ಉದ್ದ ಹಾಗೆಯೇ ಉಳಿದು ದಿಕ್ಕು ಮಾತ್ರ ಬದಲಾಗಿದ್ದರೆ ಮಾಹಿತಿ ನಾಶವಾಗಿಲ್ಲ, ತಿರುಗಿದೆ ಅಷ್ಟೇ. ಪಂಪ್ ಚಾಲೂ ಇರುವಾಗ ಸ್ಟಾರ್ಕ್ ಪರಿಣಾಮದಿಂದ, ಅಂದರೆ ಆ ಅಲೆಯ ಪ್ರಭಾವದಿಂದಲೇ, ಟ್ರಾನ್ಸ್‌ಮಾನ್‌ನ ಆವೃತ್ತಿ ಸರಿಯುತ್ತದೆ. ನೀವು ಪಂಪ್‌ಗಳ ಆವೃತ್ತಿಯನ್ನು ಹೊಂದಿಸಿದ್ದು ಆ ಸರಿದ ಬೆಲೆಗೆ. ಕಾಯುವಾಗ ಪಂಪ್ ಇರುವುದಿಲ್ಲವಾದ್ದರಿಂದ, ಪಂಪ್‌ಗಳ ಆವೃತ್ತಿಯ ಅಂತರಕ್ಕೂ ಕ್ಯೂಬಿಟ್ ಮತ್ತು ಕ್ಯಾವಿಟಿಯ ನಿಜವಾದ ಅಂತರಕ್ಕೂ ಇರುವ ವ್ಯತ್ಯಾಸಕ್ಕೆ ತಕ್ಕಂತೆ ಫೇಸ್ (ಬಾಣ ತಿರುಗಿದ ಕೋನ) ಕೂಡುತ್ತಲೇ ಹೋಗುತ್ತದೆ. 5 ಮೈಕ್ರೊಸೆಕೆಂಡ್ ಹೆಜ್ಜೆ ಇದಕ್ಕೆ ತೀರ ದೊಡ್ಡದು; 20 ನ್ಯಾನೊಸೆಕೆಂಡ್ ಹೆಜ್ಜೆಯಲ್ಲಿ ಅಳೆಯಿರಿ.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆಯೇ ಆಯಿತು. 2.13 ಮೆಗಾಹರ್ಟ್ಸ್‌ನ ಅಚ್ಚುಕಟ್ಟಾದ ಆಂದೋಲನ ಕಂಡಿತು. ಹಿಂಪಡೆಯುವ ಪಲ್ಸ್‌ನ ಫೇಸನ್ನು ಕಾದ ಅವಧಿಗೆ ತಕ್ಕಂತೆ ತಿದ್ದಿದ ಮೇಲೆ ದಿಕ್ಕು ಸ್ಥಿರವಾಗಿದೆ. ಆದರೆ ಕ್ಯಾವಿಟಿಯ ಟಿ1 (ಶಕ್ತಿ ಉಳಿಯುವ ಕಾಲ) 900 ಮೈಕ್ರೊಸೆಕೆಂಡ್ ಇದ್ದರೂ ಟಿ2 (ಫೇಸ್ ಉಳಿಯುವ ಕಾಲ) 600 ಮಾತ್ರ. ಟ್ರಾನ್ಸ್‌ಮಾನ್‌ನ ಟಿ1 45.

ಉತ್ತರ:
ಟಿ2 ಗರಿಷ್ಠ ಟಿ1ರ ಎರಡರಷ್ಟು, ಅಂದರೆ 1800ರವರೆಗೆ ಇರಬಹುದಿತ್ತು. ಈ ಕೊರತೆ ಮಾತ್ರ ನಿಜವಾದ ನಷ್ಟ, ಮತ್ತು ನನ್ನ ಅನುಮಾನ ಕ್ಯಾವಿಟಿಯ ಮೇಲಲ್ಲ, ಟ್ರಾನ್ಸ್‌ಮಾನ್‌ನ ಮೇಲೆ. ಕಾಯುವ ಹೊತ್ತಿನಲ್ಲಿ ಅದು ಶಾಖದಿಂದ ಒಮ್ಮೆ ಮೇಲಿನ ಸ್ಥಿತಿಗೆ ಹಾರಿದರೂ ಕ್ಯಾವಿಟಿಯ ಆವೃತ್ತಿ ಪಲ್ಲಟಗೊಂಡು ಫೇಸ್ ಪೂರ್ತಿ ಕಲಸಿಹೋಗುತ್ತದೆ. ನಿಮ್ಮ ಅಂಕಿಗಳ ಪ್ರಕಾರ ಇಂಥ ಹಾರಿಕೆ ಸರಾಸರಿ 900 ಮೈಕ್ರೊಸೆಕೆಂಡ್‌ಗೊಮ್ಮೆ ನಡೆಯುತ್ತಿರಬೇಕು; ಪ್ರತಿ ಸಲ ಅದು ಸುಮಾರು 45 ಮೈಕ್ರೊಸೆಕೆಂಡ್ ಮೇಲೇ ಇರುವುದರಿಂದ, ಟ್ರಾನ್ಸ್‌ಮಾನ್ ಶೇಕಡಾ 5ರಷ್ಟು ಸಮಯ ಉದ್ರಿಕ್ತವಾಗಿದ್ದು (ಮೇಲಿನ ಸ್ಥಿತಿಯಲ್ಲಿದ್ದು), ಅದರ ಪರಿಣಾಮಕಾರಿ ತಾಪಮಾನ ಸುಮಾರು 80 ಮಿಲಿಕೆಲ್ವಿನ್. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಇಂಥದೇ ಕ್ಯಾವಿಟಿಯಲ್ಲಿ ಮಿಲಿಸೆಕೆಂಡ್‌ಗೆ (1000 ಮೈಕ್ರೊಸೆಕೆಂಡ್‌ಗೆ) ಹತ್ತಿರದ ಕೊಹೆರೆನ್ಸ್ (ಸ್ಥಿತಿ ಕೆಡದೆ ಉಳಿಯುವ ಕಾಲ) ಸಾಧಿಸಿತ್ತು, ಆದ್ದರಿಂದ ಇದಕ್ಕೆ ಶ್ರಮಪಡುವುದು ಸಾರ್ಥಕ. ಯಾವ ಪಲ್ಸ್ ಕೂಡ ಕೊಡದೆ ಟ್ರಾನ್ಸ್‌ಮಾನನ್ನು ಅಳೆದು ಈ ಶೇಕಡಾ 5 ನಿಜವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ನಿಜವಾಗಿದ್ದರೆ, ಮುಂದಿನ ಸಲ ಶೈತ್ಯಯಂತ್ರ ತೆರೆದಾಗ ಪಂಪ್ ಲೈನಿನ ಅಟೆನ್ಯುಯೇಟರ್‌ಗಳು (ಸಿಗ್ನಲ್ಲನ್ನೂ ಅದರೊಡನೆ ಬರುವ ಶಾಖದ ಗದ್ದಲವನ್ನೂ ತಗ್ಗಿಸುವ ಭಾಗಗಳು) ತಣ್ಣನೆಯ ತಟ್ಟೆಗೆ ಬಿಗಿಯಾಗಿ ಅಂಟಿವೆಯೇ, ಅವಕೆಂಪು ಕಿರಣ ತಡೆಯುವ ಫಿಲ್ಟರ್ ಇದೆಯೇ ಎಂದು ಪರೀಕ್ಷಿಸಿ.