ಗ್ರಾಹಕರು ಸೋರ್ಸ್ ಕೋಡ್ ಕೇಳಿದ್ದಾರೆ, ಏನೇನು ಕೊಡಬೇಕು?

ಪ್ರಶ್ನೆ

ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಫ್ಯಾಕ್ಟರಿ ಮೆಷಿನ್‌ಗಳ ರೀಡಿಂಗ್ ಕಳಿಸುವ ಪುಟ್ಟ ಬಾಕ್ಸ್ ಮಾಡಿ ಮಾರುತ್ತೇವೆ. ಒಳಗೆ ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ನಂಥ ಪುಟ್ಟ ಸಾಧನಗಳಿಗಾಗಿ ಇರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇದೆ, ಅದರ ಮೇಲೆ ನಾವೇ ಬರೆದ ಅಪ್ಲಿಕೇಶನ್ ಓಡುತ್ತೆ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದು ಸೀರಿಯಲ್ ಡ್ರೈವರ್ ಕೂಡ ತಿದ್ದಿದ್ದೇವೆ. ಈಗ ಬಾಕ್ಸ್ ಕೊಂಡವರೊಬ್ಬರು ಜಿಪಿಎಲ್ (ಸಾಫ್ಟ್‌ವೇರ್ ಹಂಚುವವರು ಅದರ ಸೋರ್ಸ್ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್) ಪ್ರಕಾರ ಸೋರ್ಸ್ ಕೊಡಿ ಅಂತ ಮೇಲ್ ಮಾಡಿದ್ದಾರೆ. "ಓಪನ್‌ಡಬ್ಲ್ಯುಆರ್‌ಟಿ ಸೈಟಿನ ಲಿಂಕ್ ಕಳಿಸಿಬಿಡು" ಅನ್ನುತ್ತಾರೆ ನಮ್ಮ ಮ್ಯಾನೇಜರ್. ಅಷ್ಟು ಸಾಕಾ? ಕೊಡೋಕೆ ಶುರು ಮಾಡಿದರೆ ನಮ್ಮ ಅಪ್ಲಿಕೇಶನ್ನೂ ಕೊಡಬೇಕಾಗುತ್ತಾ? ಕಂಪನಿ ನಡೆಯೋದೇ ಅದರಿಂದ.

ಉತ್ತರ 1

ಲಿಂಕ್ ಸಾಕಾಗಲ್ಲ. ಕರ್ನಲ್, ಬಿಜಿಬಾಕ್ಸ್ (ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಬರುವ ಸಣ್ಣ ಕಮಾಂಡ್‌ಗಳ ಗುಚ್ಛ) ಎರಡೂ ಜಿಪಿಎಲ್ 2ನೇ ಆವೃತ್ತಿಯಲ್ಲಿವೆ. ಅದರ 3ನೇ ಕಲಮು ಓದಿ. ನೀವು ಬಾಕ್ಸಿನೊಳಗೆ ಹಾಕಿ ಮಾರಿದ ಬೈನರಿ (ಕಂಪೈಲ್ ಆಗಿ ಓಡುವ ಫೈಲ್) ಯಾವ ಸೋರ್ಸ್‌ನಿಂದ ಬಂತೋ ಅದನ್ನೇ ಪೂರ್ತಿ ಕೊಡಬೇಕು, ಅಂದರೆ ಅದೇ ವರ್ಷನ್, ನೀವು ತಿದ್ದಿದ ಡ್ರೈವರ್, ಕಾನ್ಫಿಗ್ ಫೈಲ್, ಜೊತೆಗೆ ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳು. ಈ ಸ್ಕ್ರಿಪ್ಟ್‌ಗಳನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಬಿಲ್ಡ್ ಆಗದ ಕೋಡ್ ಕೊಟ್ಟು ಕೇಳಿದವರಿಗೆ ಏನು ಪ್ರಯೋಜನ? ಕಳಿಸುವ ಮುಂಚೆ ಏನೂ ಇನ್‌ಸ್ಟಾಲ್ ಮಾಡಿರದ ಹೊಸ ಮೆಷಿನ್‌ನಲ್ಲಿ ಒಮ್ಮೆ ಬಿಲ್ಡ್ ಮಾಡಿ ನೋಡಿ.

ಅಪ್ಲಿಕೇಶನ್ ವಿಷಯ. ಅದು ಬೇರೆ ಪ್ರೋಗ್ರಾಮ್ ಆಗಿ ಓಡುತ್ತಾ, ಮಾಮೂಲಿ ಸಿಸ್ಟಮ್ ಕಾಲ್‌ಗಳ (ಪ್ರೋಗ್ರಾಮ್‌ಗಳು ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳು) ಮೂಲಕವೇ ಕರ್ನಲ್ ಬಳಸುತ್ತಿದ್ದರೆ, ಕರ್ನಲ್‌ನ ಜಿಪಿಎಲ್ ಅದಕ್ಕೆ ತಗಲುವುದಿಲ್ಲ. ಇದನ್ನು ಕರ್ನಲ್‌ನ ಲೈಸೆನ್ಸ್ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಆದರೆ ಯಾವ್ಯಾವ ಲೈಬ್ರರಿ (ಬೇರೆಯವರು ಬರೆದ ಸಿದ್ಧ ಕೋಡ್) ಲಿಂಕ್ ಮಾಡಿದ್ದೀರಿ ಅಂತ ಒಂದೊಂದಾಗಿ ನೋಡಿ. ರೀಡ್‌ಲೈನ್‌ನಂಥ ಜಿಪಿಎಲ್ ಲೈಬ್ರರಿ ಸೇರಿಕೊಂಡಿದ್ದರೆ ಕಥೆ ಬೇರೆ, ಆಗ ಇಡೀ ಅಪ್ಲಿಕೇಶನ್ ಜಿಪಿಎಲ್ ಅಡಿ ಬರುತ್ತೆ. ಎಲ್‌ಜಿಪಿಎಲ್ (ಜಿಪಿಎಲ್‌ಗಿಂತ ಸಡಿಲವಾದ ಲೈಸೆನ್ಸ್) ಲೈಬ್ರರಿಯಾದರೆ ಡೈನಾಮಿಕ್ ಆಗಿ, ಅಂದರೆ ಓಡುವಾಗ ಸೇರಿಕೊಳ್ಳುವ ಹಾಗೆ, ಲಿಂಕ್ ಮಾಡಿ, ತಲೆನೋವು ಕಡಿಮೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ರೀಡ್‌ಲೈನ್ ಇಲ್ಲ, ನೋಡಿದೆ. ಹಾಗಾದರೆ ಡ್ರೈವರ್ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಲೇಬೇಕಾ? ನಮ್ಮ ಪೈಪೋಟಿಯವರೂ ನೋಡುತ್ತಾರಲ್ವಾ?

ಉತ್ತರ 2

ಹಾಕಲೇಬೇಕು ಅಂತೇನಿಲ್ಲ. ಬಾಕ್ಸ್ ಜೊತೆಗೇ ಸೋರ್ಸ್ ಕೊಟ್ಟುಬಿಟ್ಟರೆ ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯುತ್ತೆ. "ಕೇಳಿದರೆ ಕೊಡುತ್ತೇವೆ" ಅಂತ ಲಿಖಿತ ಭರವಸೆ ಕೊಡುವ ದಾರಿಯೂ ಇದೆ, ಆದರೆ ಅದು ಕನಿಷ್ಠ 3 ವರ್ಷ ನಡೆಯಬೇಕು, ಮತ್ತು ಬಾಕ್ಸ್ ಕೊಂಡವರಿಗೆ ಮಾತ್ರ ಅಲ್ಲ, ಯಾರು ಕೇಳಿದರೂ ಕೊಡಬೇಕು. ಕಳಿಸುವ ಖರ್ಚಿಗಿಂತ ಜಾಸ್ತಿ ದುಡ್ಡು ಕೇಳೋ ಹಾಗಿಲ್ಲ. ಹೇಗೆ ಕೊಟ್ಟರೂ ಸರಿ, ಪಡೆದವರು ಅದನ್ನು ಬೇರೆಯವರಿಗೆ ಹಂಚಬಹುದು. "ಯಾರಿಗೂ ತೋರಿಸಬೇಡಿ" ಅಂತ ಸಹಿ ಹಾಕಿಸಿಕೊಳ್ಳುವ ಹಕ್ಕು ನಿಮಗಿಲ್ಲ.

ಉತ್ತರ 3

ನಿಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿ. 2003ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೆ ಲಿನಕ್ಸ್ ಇದೆ ಅಂತ ಜನ ಕಂಡುಹಿಡಿದು, ಸೋರ್ಸ್ ಎಲ್ಲಿ ಅಂತ ಪಟ್ಟು ಹಿಡಿದರು. ಕಂಪನಿ ಕೊನೆಗೆ ಕೊಟ್ಟಿತು. ಆ ಕೋಡಿನಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ನೀವು ಇವತ್ತು ಬಿಟ್ಟಿಯಾಗಿ ಬಳಸುತ್ತಿರುವುದು ಹಾಗೆ ಕೇಳಿ ಪಡೆದದ್ದನ್ನೇ. ನಿಮ್ಮ ಗ್ರಾಹಕರು ಕೇಳುತ್ತಿರುವುದರಲ್ಲಿ ತಪ್ಪೇನೂ ಇಲ್ಲ, ಅವರನ್ನು ಅನುಮಾನದಿಂದ ನೋಡಬೇಡಿ.

ಸುಮ್ನೆ ಕೂರುವುದೂ ಅಪಾಯ. ಜಿಪಿಎಲ್ 2ರಲ್ಲಿ ಷರತ್ತು ಮುರಿದರೆ ಹಂಚುವ ಹಕ್ಕೇ ಹೋಗುತ್ತೆ. 2017ರಲ್ಲಿ ಬಹಳಷ್ಟು ಕರ್ನಲ್ ಡೆವಲಪರ್‌ಗಳು ಒಂದು ಹೇಳಿಕೆಗೆ ಸಹಿ ಹಾಕಿದರು. ಮೊದಲ ಸಲ ನೋಟಿಸ್ ಬಂದು 30 ದಿನದೊಳಗೆ ಸರಿ ಮಾಡಿದರೆ ಹಕ್ಕು ವಾಪಸ್ ಅಂತ. ಆದ್ದರಿಂದ ಆ ಮೇಲ್‌ಗೆ ಇವತ್ತೇ ಉತ್ತರ ಬರೆಯಿರಿ. ಕೋಡ್ ಜೋಡಿಸೋಕೆ ಒಂದು ವಾರ ಬೇಕು ಅಂದರೂ ಪರವಾಗಿಲ್ಲ.

ಪ್ರಶ್ನೆ ಕೇಳಿದವರು

ಬರೆಯುತ್ತೇನೆ. ಕೊನೇ ಪ್ರಶ್ನೆ: ರೀಡಿಂಗ್ ತೋರಿಸುವ ಡ್ಯಾಶ್‌ಬೋರ್ಡ್ ನಮ್ಮ ಸರ್ವರ್‌ನಲ್ಲಿದೆ, ಅದಕ್ಕೆ ಗ್ರಫಾನಾ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿದ್ದೇವೆ. ಅದನ್ನು ಯಾರಿಗೂ ಕೊಟ್ಟಿಲ್ಲ, ಹಾಗಾಗಿ ಚಿಂತೆ ಇಲ್ಲ ಅಲ್ವಾ?

ಉತ್ತರ 1

ಬರೀ ಜಿಪಿಎಲ್ ಆಗಿದ್ದರೆ ಹೌದು. ಆದರೆ ಗ್ರಫಾನಾ 2021ರಲ್ಲಿ ಎಜಿಪಿಎಲ್‌ಗೆ (ಜಿಪಿಎಲ್‌ನ ಇನ್ನೊಂದು ರೂಪ) ಬದಲಾಯಿತು. ಅದರ 13ನೇ ಕಲಮಿನ ಪ್ರಕಾರ, ತಿದ್ದಿದ ಆವೃತ್ತಿಯನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಸಿಗಬೇಕು. ನೀವು ತಿದ್ದದೆ ಹಾಗೇ ಓಡಿಸುತ್ತಿದ್ದರೆ ಆ ಕಲಮು ಅನ್ವಯಿಸಲ್ಲ. ತಿದ್ದಿದ್ದರೆ, ಲಾಗಿನ್ ಆಗುವ ಗ್ರಾಹಕರಿಗೆ ಕಾಣುವ ಹಾಗೆ ಸೋರ್ಸ್ ಲಿಂಕ್ ಹಾಕಿ.