ಕಾಂಬೋಡಿಯಾದ ಅನಾಥಾಲಯಕ್ಕೆ ಹತ್ತು ದಿನಗಳ ಮಿಷನ್ ಪ್ರವಾಸ: ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ (ಹ್ಯೂಸ್ಟನ್‌ನಿಂದ)

ಎಲ್ಲರಿಗೂ ವಂದನೆಗಳು. ನಾನು ಮಂಗಳೂರಿನವಳು, ಮದುವೆಯಾದ ಮೇಲೆ ಇಪ್ಪತ್ತೊಂದು ವರ್ಷಗಳಿಂದ ಇಲ್ಲಿದ್ದೇನೆ. ನಾವು ಹೋಗುವ ಚರ್ಚಿನ ಯುವಜನರ ತಂಡವೊಂದು ಬರುವ ಜುಲೈ ತಿಂಗಳಿನಲ್ಲಿ ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದ ಹೊರವಲಯದ ಅನಾಥಾಲಯಕ್ಕೆ ಹತ್ತು ದಿನಗಳ ಮಿಷನ್ ಪ್ರವಾಸ ಹೊರಟಿದೆ. ಹತ್ತೊಂಬತ್ತು ವರ್ಷದ ನನ್ನ ಮಗಳೂ ಹೆಸರು ಕೊಟ್ಟಿದ್ದಾಳೆ. ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡೆಸುವುದು, ಹಾಡು ಕಲಿಸುವುದು, ಕಟ್ಟಡಕ್ಕೆ ಬಣ್ಣ ಬಳಿಯುವುದು, ಕೊನೆಯಲ್ಲಿ ಒಂದು ದಿನ ಅಂಕೋರ್ ವಾಟ್ ನೋಡಿ ಬರುವುದು, ಇಷ್ಟು ಕಾರ್ಯಕ್ರಮ. ತಲೆಗೆ 3,400 ಡಾಲರ್ ಖರ್ಚು. ಅದಕ್ಕಾಗಿ ಅವಳು ಚಳಿಗಾಲವಿಡೀ ಶನಿವಾರಗಳಂದು ಬೇರೆಯವರ ಮಕ್ಕಳನ್ನು ನೋಡಿಕೊಂಡು ಹಣ ಕೂಡಿಸಿದ್ದಾಳೆ.

ನಾನು ಚಿಕ್ಕವಳಿದ್ದಾಗ ಕ್ರಿಸ್ಮಸ್ ಹಬ್ಬಕ್ಕೆ ಕುಸ್ವಾರ್ ತಿಂಡಿಗಳನ್ನು ಮಾಡಿದ ದಿನ ಅಮ್ಮ ಮೊದಲ ಡಬ್ಬಿಯನ್ನು ಊರಿನ ಬೋರ್ಡಿಂಗ್ ಹೋಮಿನ ಮಕ್ಕಳಿಗೆ ಕಳುಹಿಸಿದ ನಂತರವೇ ನಮಗೆ ಕೊಡುತ್ತಿದ್ದರು. ಆದುದರಿಂದ ತಬ್ಬಲಿ ಮಕ್ಕಳ ಸೇವೆಗೆ ಹೊರಟ ಮಗಳನ್ನು ತಡೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಂತಹ ಭೇಟಿಗಳಿಂದ ಮಕ್ಕಳಿಗೆ ಒಳಿತಿಗಿಂತ ಕೇಡೇ ಹೆಚ್ಚು ಎಂದು ಊರಿನಲ್ಲಿರುವ ನನ್ನ ತಮ್ಮ ಹೇಳುತ್ತಾನೆ. ಪ್ರೀತಿಯಿಂದ ಹತ್ತು ದಿನ ಆಟವಾಡಿಸಿದರೆ ಮಕ್ಕಳಿಗೆ ಕೇಡು ಹೇಗಾಗುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ. ಇಂತಹ ಪ್ರವಾಸಗಳಿಗೆ ಹೋಗಿ ಬಂದವರಾಗಲಿ, ಮಕ್ಕಳ ಕ್ಷೇತ್ರದಲ್ಲಿ ಕೆಲಸ ಮಾಡುವವರಾಗಲಿ ದಯವಿಟ್ಟು ತಿಳಿಸಬೇಕು.

ಉತ್ತರ 1 (ಸಿಂಗಪುರದಿಂದ)

ಅಕ್ಕಾ, ನಾನು ಅಂತಹ ಪ್ರವಾಸಕ್ಕೆ ಎರಡು ಬಾರಿ ಹೋಗಿದ್ದೇನೆ; ಎರಡೂ ಬಾರಿ ಕಾಂಬೋಡಿಯಾಕ್ಕೇ. ಆ ಅನಾಥಾಲಯದ ಹೆಸರು ಹೇಳುವುದಿಲ್ಲ.

ಮೊದಲ ದಿನ ನಮ್ಮ ವ್ಯಾನ್ ಗೇಟಿನೊಳಗೆ ಬಂದೊಡನೆ ಮಕ್ಕಳು ಯಾರೂ ಹೇಳದೆಯೇ ಸಾಲಾಗಿ ನಿಂತು ಸ್ವಾಗತದ ಹಾಡು ಹಾಡಿದರು. ಐದು ವರ್ಷದ ಒಬ್ಬ ಹುಡುಗಿ ನಾನು ಇಳಿಯುವ ಮೊದಲೇ ಬಂದು ನನ್ನ ಕಿರುಬೆರಳು ಹಿಡಿದುಕೊಂಡಳು. ಸಂಜೆಯವರೆಗೂ ಬಿಡಲಿಲ್ಲ. ನನ್ನ ಮೇಲೆ ಎಂತಹ ಪ್ರೀತಿ ಎಂದು ಆ ರಾತ್ರಿ ಪ್ರಾರ್ಥನೆಯಲ್ಲಿ ಅತ್ತಿದ್ದೆ. ಮರುದಿನ ಅವಳು ನನಗೆ ಗೊತ್ತಿದ್ದ ಭಾಷೆಯಲ್ಲಿ ಆಡಿದ ಮೊದಲ ಮಾತು, ‘ನೀನು ಯಾವ ದಿನ ಹೋಗುತ್ತೀ?’ ಎಂಬುದು. ನಾನು ‘ಶುಕ್ರವಾರ’ ಎಂದೆ. ಅವಳು ತಲೆಯಾಡಿಸಿ ಆಟಕ್ಕೆ ಓಡಿದಳು.

ಎರಡನೆಯ ವರ್ಷ ಹೋದಾಗ ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಬೇರೊಬ್ಬರ ಕಿರುಬೆರಳನ್ನು ಅದೇ ರೀತಿ ಹಿಡಿದಿದ್ದಳು. ಆ ಬಾರಿ ಊಟದ ಕೋಣೆಯ ಗೋಡೆಗೆ ನೀಲಿ ಬಣ್ಣ ಬಳಿಯುವ ಕೆಲಸ ನಮ್ಮದಾಗಿತ್ತು. ಹಳೆಯದನ್ನು ಕೆರೆಯುತ್ತ ಹೋದಂತೆ ಮೊದಲು ಹಳದಿ, ಅದರಡಿ ತಿಳಿಹಸಿರು, ಅದರಡಿ ಮತ್ತೆ ನೀಲಿ ಕಾಣಿಸಿತು. ಗೋಡೆಗೆ ಬಣ್ಣ ಬೇಕಾಗಿರಲಿಲ್ಲ, ನಮಗೆ ಕೆಲಸ ಬೇಕಾಗಿತ್ತು. ಆ ಹುಡುಗಿಯ ತಾಯಿ ರಾಜಧಾನಿ ನೋಮ್ ಪೆನ್‌ನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದಾಳೆ ಎಂಬುದು ನನಗೆ ತಿಳಿದದ್ದು ಹೊರಡುವ ಹಿಂದಿನ ದಿನ, ಅಡುಗೆಯವಳ ಬಾಯಿಂದ. ತಾಯಿಗೆ ಮಗಳನ್ನು ಹತ್ತಿರ ಇಟ್ಟುಕೊಂಡು ಶಾಲೆಗೆ ಕಳುಹಿಸುವ ಅನುಕೂಲವಿರಲಿಲ್ಲ, ಅಷ್ಟೇ. ನಮ್ಮ ತಂಡದ ಹನ್ನೊಂದು ಮಂದಿಯ ವಿಮಾನದ ಖರ್ಚನ್ನು ನಾನು ಆ ರಾತ್ರಿ ಲೆಕ್ಕ ಹಾಕಿದೆ. ಆಮೇಲೆ ನಿದ್ದೆ ಬರಲಿಲ್ಲ. ಮೂರನೆಯ ಬಾರಿ ನಾನು ಹೋಗಲಿಲ್ಲ.

ಉತ್ತರ 2 (ಮೈಸೂರಿನಿಂದ)

ನಾನು ಹದಿನೈದು ವರ್ಷಗಳಿಂದ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಕೇಡು ಹೇಗಾಗುತ್ತದೆ ಎಂದು ತಾವು ಕೇಳಿದ್ದೀರಿ. ಅದಕ್ಕೆ ಎರಡು ಮುಖಗಳಿವೆ.

ಒಂದು, ಮಗುವಿನ ಮನಸ್ಸಿನದು. ಎಳೆಯ ಮಗುವಿಗೆ ದಿನವೂ ಅದೇ ಮುಖ, ಅದೇ ಕೈ ಬೇಕು. ಹತ್ತು ದಿನಕ್ಕೊಮ್ಮೆ ಬಂದು ಮುದ್ದಿಸಿ ಹೋಗುವವರ ನಡುವೆ ಬೆಳೆದ ಮಗು ಯಾರನ್ನು ಕಂಡರೂ ಅಪ್ಪಿಕೊಳ್ಳುತ್ತದೆ, ಯಾರನ್ನೂ ನೆಚ್ಚಿಕೊಳ್ಳುವುದಿಲ್ಲ. ಮೇಲಿನ ಉತ್ತರದ ಹುಡುಗಿಯಲ್ಲಿ ಕಂಡ ಸಲಿಗೆಯು ಪ್ರೀತಿಯ ಗುರುತಲ್ಲ, ಅದು ಗಾಯದ ಗುರುತು. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವೊಂದರಲ್ಲಿ ಸಂಸ್ಥೆಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಒಪ್ಪಿಸಿ, ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಪೋಷಕ ಮನೆಗಳಲ್ಲಿ ಬೆಳೆದವರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು, ಬುದ್ಧಿಯಲ್ಲಿಯೂ ಬಾಂಧವ್ಯದಲ್ಲಿಯೂ ಎಷ್ಟೋ ಚೇತರಿಸಿಕೊಂಡರು.

ಇನ್ನೊಂದು, ಹಣದ್ದು, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಘೋರವಾದದ್ದು. ಕಾಂಬೋಡಿಯಾದಲ್ಲಿ 2005ರಲ್ಲಿ 153 ಅನಾಥಾಲಯಗಳಿದ್ದವು. 2010ರ ಹೊತ್ತಿಗೆ ಅವು 269 ಆದವು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಖ್ಮೇರ್ ರೂಜ್ ಆಡಳಿತ ಮುಗಿದು ಮೂವತ್ತು ವರ್ಷಗಳಾಗಿದ್ದವು, ಹೊಸದಾಗಿ ಯುದ್ಧವಾಗಲಿ ಕ್ಷಾಮವಾಗಲಿ ಬಂದಿರಲಿಲ್ಲ. ಹೆಚ್ಚಿದ್ದು ಪ್ರವಾಸಿಗರು ಮತ್ತು ದಾನಿಗಳು. ನೇಪಾಳದಲ್ಲಿಯೂ ಮಕ್ಕಳ ಮನೆಗಳಲ್ಲಿ ಬಹುಪಾಲು ಇರುವುದು ಬಡತನ ಹೆಚ್ಚಿರುವ ಹುಮ್ಲಾದಂತಹ ಬೆಟ್ಟದ ಜಿಲ್ಲೆಗಳಲ್ಲಲ್ಲ, ಪ್ರವಾಸಿಗರು ಸೇರುವ ಕಠ್ಮಂಡು ಮತ್ತು ಪೋಖರಾದ ಸುತ್ತಮುತ್ತ. ಮಾವೋವಾದಿ ಸಂಘರ್ಷದ ವರ್ಷಗಳಲ್ಲಿ ದಲ್ಲಾಳಿಗಳು ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ತಂದೆತಾಯಿಯರನ್ನು ನಂಬಿಸಿ ಹುಮ್ಲಾದಿಂದ ಮಕ್ಕಳನ್ನು ಕರೆತಂದು, ನಗರದಲ್ಲಿ ಅನಾಥರೆಂದು ತೋರಿಸಿದರು. ಜಗತ್ತಿನ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಸುಮಾರು 80 ಶೇಕಡಾ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂಬುದು ಮಕ್ಕಳ ಸಂಸ್ಥೆಗಳು ಮತ್ತೆ ಮತ್ತೆ ಹೇಳುತ್ತ ಬಂದಿರುವ ಅಂದಾಜು. ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ತಡೆಯಬೇಕೆಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೇ ನಿರ್ಣಯ ಮಾಡಿತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದೇ ಹೇಳುತ್ತದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆಯಾದ ಬಡ ತಾಯಿಯಂತಹವರು ಮಗುವನ್ನು ಮನೆಯಲ್ಲಿಯೇ ಸಾಕಲೆಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡುವ ಅವಕಾಶವಿದೆ. ಮೈಸೂರು ಜಿಲ್ಲೆಯ ಒಬ್ಬ ತಾಯಿ ತಮಗೆ ಸಿಕ್ಕ ಈ ನೆರವಿನ ಆದೇಶದ ಪ್ರತಿಯನ್ನು ನಾಲ್ಕಾಗಿ ಮಡಚಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ನಾನು ಹೋದಾಗಲೆಲ್ಲ ತೆಗೆದು ತೋರಿಸುತ್ತಾರೆ. ಅವರ ಮಗ ಹಾಸ್ಟೆಲಿಗೆ ಹೋಗುವುದು ತಪ್ಪಿದೆ.

ಹೊರಡುವ ಮೊದಲು ತಾವು ಆ ಅನಾಥಾಲಯದವರನ್ನು ಮೂರು ವಿಷಯ ಕೇಳಿ. ಅಲ್ಲಿರುವ ಎಷ್ಟು ಮಕ್ಕಳಿಗೆ ತಂದೆ, ತಾಯಿ, ಅಜ್ಜಿ ಇದ್ದಾರೆ? ಕಳೆದ ಎರಡು ವರ್ಷಗಳಲ್ಲಿ ಎಷ್ಟು ಮಕ್ಕಳು ಮನೆಗೆ ಮರಳಿದರು? ಮಕ್ಕಳೊಂದಿಗೆ ಬೆರೆಯುವವರ ಪೂರ್ವಾಪರವನ್ನು ಅವರು ಪೊಲೀಸ್ ದಾಖಲೆಯ ಸಹಿತ ಪರಿಶೀಲಿಸುತ್ತಾರೆಯೇ? ಹೊರಗಿನವರು ಯಾರು ಬೇಕಾದರೂ ಬಂದು ಮಕ್ಕಳನ್ನು ಎತ್ತಿಕೊಳ್ಳಬಹುದಾದ ಮನೆಗೆ ಕೆಟ್ಟ ಉದ್ದೇಶದವರೂ ಬಂದೇ ಬರುತ್ತಾರೆ.

ಉತ್ತರ 3 (ಗದಗದಿಂದ)

ಸಹೋದರಿ, ನಾನು ಚರ್ಚಿನ ನಿವೃತ್ತ ಸಭಾಪಾಲಕ. ಮೇಲಿನ ಉತ್ತರಗಳನ್ನು ಎರಡು ಸಲ ಓದಿದೆ. ಅವುಗಳಲ್ಲಿ ಅಲ್ಲಗಳೆಯುವಂತಹದ್ದು ನನಗೆ ಕಾಣಲಿಲ್ಲ. ಆದರೆ ಒಂದು ಎಚ್ಚರಿಕೆ ಹೇಳಬೇಕು. ಆ ಅನಾಥಾಲಯಗಳಲ್ಲಿ ಈ ಹೊತ್ತು ಊಟ ಮಾಡುತ್ತಿರುವ ಮಕ್ಕಳಿದ್ದಾರೆ. ಸುದ್ದಿ ಓದಿದ ಸಿಟ್ಟಿನಲ್ಲಿ ಚರ್ಚುಗಳು ಒಮ್ಮೆಗೇ ಕಾಣಿಕೆ ನಿಲ್ಲಿಸಿದರೆ ಮೊದಲು ಖಾಲಿಯಾಗುವುದು ಅವರ ತಟ್ಟೆ. ಮಕ್ಕಳು ತಮ್ಮ ತಮ್ಮ ಮನೆ ಸೇರುವವರೆಗೆ ಹಣ ಹೋಗಬೇಕು, ಆದರೆ ಮನೆ ಸೇರಿಸುವ ಕೆಲಸಕ್ಕೆಂದೇ ಹೋಗಬೇಕು.

ಇಂತಹ ಪ್ರವಾಸಗಳಿಗೆ ಆಧಾರವಾಗಿ, ದಿಕ್ಕಿಲ್ಲದವರನ್ನು ಪರಾಮರಿಸುವುದೇ ಶುದ್ಧ ಭಕ್ತಿ ಎನ್ನುವ ಬೈಬಲಿನ ಯಾಕೋಬನ ಪತ್ರಿಕೆಯ 1:27ನ್ನು ಎತ್ತಿ ಹೇಳುತ್ತಾರೆ. ನಾನೂ ಆ ವಾಕ್ಯದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಅದರಲ್ಲಿ ದಿಕ್ಕಿಲ್ಲದ ಮಕ್ಕಳ ಜೊತೆಯಲ್ಲಿಯೇ ವಿಧವೆಯರ ಮಾತೂ ಇದೆ. ನಾವು ಮಕ್ಕಳನ್ನು ಉಳಿಸಿಕೊಂಡು ವಿಧವೆಯನ್ನು ಬಿಟ್ಟುಬಿಟ್ಟೆವು. ಬೈಬಲಿನ ಕಾಲದಲ್ಲಿ ತಂದೆ ಸತ್ತ ಮಗುವೇ ದಿಕ್ಕಿಲ್ಲದ್ದು, ಅದರ ತಾಯಿಯೇ ಆ ವಿಧವೆ. ಅವರಿಬ್ಬರದು ಒಂದೇ ಮನೆ. ಮಗುವನ್ನು ಆ ಮನೆಯಿಂದ ಬೇರ್ಪಡಿಸಿ ಮಾಡುವ ಪರಾಮರಿಕೆಯನ್ನು ಆ ವಾಕ್ಯ ಹೇಳುತ್ತದೆಂದು ನನಗೆ ಇಂದು ಅನಿಸುವುದಿಲ್ಲ.

2010ರ ಜನವರಿಯಲ್ಲಿ ಹೈಟಿಯ ಭೂಕಂಪದ ನಂತರ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ವಿಶ್ವಾಸಿಗಳು 33 ಮಕ್ಕಳನ್ನು ಅನಾಥರೆಂದು ಡೊಮಿನಿಕನ್ ಗಣರಾಜ್ಯಕ್ಕೆ ಕರೆದೊಯ್ಯುವಾಗ ಗಡಿಯಲ್ಲಿ ಬಂಧಿತರಾದರು. ವಿಚಾರಿಸಿದರೆ ಆ ಮಕ್ಕಳಲ್ಲಿ ಬಹುತೇಕರಿಗೆ ತಂದೆತಾಯಿಯರಿದ್ದರು. ಓದು ಸಿಗುತ್ತದೆಂಬ ಆಸೆಯಿಂದ ಅವರೇ ಒಪ್ಪಿಸಿದ್ದರು. ಅವಸರದ ಕರುಣೆ ವಿಚಾರಿಸುವುದನ್ನು ಮರೆಯುತ್ತದೆ.

ನಮ್ಮ ನಾಡಿಗೂ ಮಿಷನರಿಗಳು ಬಂದರು. ಕಿಟ್ಟೆಲರು 1853ರಲ್ಲಿ ಬಂದರು. ಅವರ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅವರ ಕಾಲದ ಮಿಷನ್ನಿನ ಎಲ್ಲ ನಡೆಯನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಭಾಷೆ ಕಲಿತು, ನೆರೆಯವರಾಗಿ ಬಾಳುವುದು ಸೇವೆಯ ಮೊದಲ ಮೆಟ್ಟಿಲು ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ಮಗಳಿಗೆ ನಿಜವಾದ ಕರೆ ಇದ್ದರೆ ಅವಳು ಸಮಾಜಕಾರ್ಯ ಓದಲಿ, ಕಾಂಬೋಡಿಯಾದ ಖ್ಮೇರ್ ಭಾಷೆ ಕಲಿಯಲಿ, ವರ್ಷಗಟ್ಟಲೆ ಇರುವಂತೆ ಹೋಗಲಿ. ಅಂದು ನಾನೇ ಪ್ರಾರ್ಥಿಸಿ ಕಳುಹಿಸಿಕೊಡುತ್ತೇನೆ.

ಪ್ರಶ್ನೆ ಕೇಳಿದವರ ಮರುಬರಹ (ಮೂರು ವಾರಗಳ ನಂತರ)

ಅಯ್ಯನವರಿಗೂ ಉಳಿದಿಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಆ ಮೂರು ಪ್ರಶ್ನೆಗಳನ್ನು ನಾನು ತಂಡದ ಮುಖ್ಯಸ್ಥರ ಮೂಲಕ ಕಳುಹಿಸಿದೆ. ಅವರು ಬೇಸರಪಟ್ಟುಕೊಂಡರೂ ಕಳುಹಿಸಿದರು. ಅನಾಥಾಲಯದವರ ಉತ್ತರ ಹೀಗಿತ್ತು: ಮೂವತ್ತೆರಡು ಮಕ್ಕಳಲ್ಲಿ ಇಪ್ಪತ್ತಾರು ಮಂದಿಗೆ ತಂದೆ ಅಥವಾ ತಾಯಿ ಇದ್ದಾರೆ, ಹೊಸ ವರ್ಷದ ಹಬ್ಬಕ್ಕೆ ಹಲವರು ಊರಿಗೂ ಹೋಗಿ ಬರುತ್ತಾರೆ. ಕಾಯಂ ಆಗಿ ಮನೆಗೆ ಮರಳಿದವರು ಯಾರೂ ಇಲ್ಲ. ಪೊಲೀಸ್ ದಾಖಲೆಯ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ಅದನ್ನು ಮಗಳ ಮುಂದಿಟ್ಟೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಅಮ್ಮಾ, ಹಾಗಾದರೆ ಹಬ್ಬ ಮುಗಿದ ಮೇಲೆ ಅವರನ್ನು ಹಿಂದೆ ಕಳುಹಿಸುವಾಗ ಆ ತಾಯಂದಿರು ಏನು ಹೇಳುತ್ತಾರೆ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಹೋಗುವುದಿಲ್ಲ. ತಂಡದಲ್ಲಿ ಇನ್ನಿಬ್ಬರು ಹಿಂದೆ ಸರಿದಿದ್ದಾರೆ, ಉಳಿದವರು ಹೊರಡುವುದಾಗಿ ಹೇಳಿದ್ದಾರೆ, ಅವರಲ್ಲಿ ಕೆಲವರಿಗೆ ನಮ್ಮ ಮೇಲೆ ನೋವಾಗಿದೆ. ಮುಂದಿನ ಭಾನುವಾರ ಆರಾಧನೆಯ ನಂತರ ಚರ್ಚಿನ ಸಮಿತಿಯ ಮುಂದೆ ಮಾತನಾಡಲು ಮಗಳು ಹದಿನೈದು ನಿಮಿಷ ಕೇಳಿ ಪಡೆದಿದ್ದಾಳೆ. ಮೈಸೂರಿನವರು ದಯವಿಟ್ಟು ತಿಳಿಸಬೇಕು: ಕಾಂಬೋಡಿಯಾದಲ್ಲಿ ಮಕ್ಕಳನ್ನು ಅವರ ಮನೆಗಳಿಗೆ ಮರಳಿಸುವ ಕೆಲಸ ಮಾಡುತ್ತಿರುವವರನ್ನು ಗುರುತಿಸುವಾಗ ಸಮಿತಿಯವರು ಮೊದಲು ಏನನ್ನು ನೋಡಬೇಕು?