ಸೆಂಗೋರ್ ಕವಿತೆ ಪಡಿಯಚ್ಚನ್ನು ಒಡೆಯಿತೇ, ಒಪ್ಪಿಕೊಂಡಿತೇ?

ಪ್ರಶ್ನೆ:
ಸೆನೆಗಲ್‌ನ ಕವಿ ಲಿಯೊಪೋಲ್ಡ್ ಸೆಡಾರ್ ಸೆಂಗೋರ್ ಅವರನ್ನು ಕೆಲವು ವಾರಗಳಿಂದ ಓದುತ್ತಿದ್ದೇನೆ. ಕಪ್ಪು ಜನರ ಬಗ್ಗೆ ವಸಾಹತುಶಾಹಿ ಕಟ್ಟಿದ ಪಡಿಯಚ್ಚುಗಳನ್ನು ಎದುರಿಸಲೆಂದೇ ಅವರೂ ಸೇರಿ ಕಟ್ಟಿದ ನೆಗ್ರಿಟ್ಯೂಡ್ ಎಂಬ ಸಾಹಿತ್ಯ ಚಳವಳಿ ಹುಟ್ಟಿತು ಎನ್ನುತ್ತಾರೆ. ಆದರೆ ಇದೇ ಸೆಂಗೋರ್ 1939ರ ಪ್ರಬಂಧವೊಂದರಲ್ಲಿ ಭಾವ ಕಪ್ಪು ಜನರದು, ತರ್ಕ ಗ್ರೀಕರದು ಎಂಬ ಅರ್ಥದ ಮಾತು ಬರೆದಿದ್ದಾರೆ. ಕಪ್ಪು ಜನರಿಗೆ ಕುಣಿತ ಒಲಿದೀತು, ಆಲೋಚನೆ ಒಲಿಯದು ಎಂದು ಆಳುವವರು ಹೇಳುತ್ತಿದ್ದುದಕ್ಕೂ ಇದಕ್ಕೂ ವ್ಯತ್ಯಾಸವೇನು? ಈ ಸಾಲನ್ನು ಓದಿದ ಮೇಲೆ ಕವಿತೆಗಳನ್ನು ಮೊದಲಿನ ನಂಬಿಕೆಯಿಂದ ಓದಲು ನನಗೆ ಆಗುತ್ತಿಲ್ಲ.

ಉತ್ತರ:
ಆ ಸಾಲನ್ನು ಸಮರ್ಥಿಸಲು ನನಗೂ ಮನಸ್ಸಿಲ್ಲ. ಆದರೆ ಪ್ರಬಂಧಕಾರ ಸೆಂಗೋರ್ ಎಡವಿದ ಕಡೆ ಕವಿ ಸೆಂಗೋರ್ ಎಡವಲಿಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸಿನಲ್ಲಿ ಬನಾನಿಯಾ ಎಂಬ ಕೋಕೋ ಪುಡಿಯ ಜಾಹೀರಾತು 1915ರಿಂದ ಗೋಡೆಗೋಡೆಗಳ ಮೇಲಿತ್ತು: ಕೆಂಪು ಟೋಪಿ ತೊಟ್ಟು, ಕೈಯಲ್ಲಿ ಚಮಚ ಹಿಡಿದು, ಹಲ್ಲು ತೋರಿಸಿ ನಗುವ ಸೆನೆಗಲ್ ಸೈನಿಕ, ಜೊತೆಗೆ ಅವನ ಬಾಯಲ್ಲಿಟ್ಟ ಹರಕುಮುರುಕು ಫ್ರೆಂಚಿನ ಎರಡು ಪದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಸಾಯಲು ಬಂದವನನ್ನು ಮಕ್ಕಳ ತಿಂಡಿಯ ಡಬ್ಬಿಯ ಮೇಲೆ ನಗುವ ಗೊಂಬೆಯಾಗಿಸಿದ ಚಿತ್ರ ಅದು. ಫ್ರಾನ್ಸಿನ ಎಲ್ಲ ಗೋಡೆಗಳ ಮೇಲಿನ ಆ ಬನಾನಿಯಾ ನಗೆಯನ್ನು ಹರಿದುಹಾಕುತ್ತೇನೆ ಎಂದು ಸೆಂಗೋರ್ ಬರೆದ ಕವಿತೆ 1948ರ ಸಂಕಲನದ ಮೊದಲಲ್ಲೇ ಇದೆ. ಅಲ್ಲಿ ಅವರು ಮಾತನಾಡುವುದು ಬಿಳಿಯರೊಂದಿಗಲ್ಲ, ಆ ಸೈನಿಕರೊಂದಿಗೆ. ನಿಮ್ಮನ್ನು ಹಾಡಲು ನಿಮ್ಮ ಜೊತೆ ಆಯುಧ ಹಿಡಿದ ತಮ್ಮನಲ್ಲದೆ ಇನ್ಯಾರಿದ್ದಾರೆ ಎಂದು ಕೇಳುವ ಈ ಕವಿ, ಸ್ವತಃ ಫ್ರೆಂಚ್ ಸೇನೆಯಲ್ಲಿದ್ದು 1940ರಲ್ಲಿ ಜರ್ಮನ್ನರಿಗೆ ಸೆರೆಸಿಕ್ಕವರು. ಅದೇ ಸಂಕಲನದಲ್ಲಿ ತಿಯಾರೊಯ್ ಬಗ್ಗೆಯೂ ಕವಿತೆಯಿದೆ. ಯುದ್ಧಕೈದಿಗಳಾಗಿದ್ದು ಮರಳಿದ ಆಫ್ರಿಕನ್ ಸೈನಿಕರು ಬಾಕಿ ಸಂಬಳ ಕೇಳಿದ್ದಕ್ಕೆ ಫ್ರೆಂಚ್ ಸೇನೆಯೇ 1944ರ ಡಿಸೆಂಬರ್ 1ರಂದು ಡಕಾರ್ ಬಳಿಯ ಆ ಶಿಬಿರದಲ್ಲಿ ಅವರ ಮೇಲೆ ಗುಂಡು ಹಾರಿಸಿತು. ಭಿತ್ತಿಪತ್ರದ ನಗೆಯನ್ನೂ ಈ ಸಾವನ್ನೂ ಒಟ್ಟಿಗೆ ಇಟ್ಟು ಓದಿ ನೋಡಿ.

ಮತ್ತೊಂದು ಉತ್ತರ:
ಕವಿ ಎಡವಲಿಲ್ಲ ಎನ್ನುವುದನ್ನು ನಾನು ಪೂರ್ತಿ ಒಪ್ಪಲಾರೆ. ಕಪ್ಪು ಹೆಣ್ಣನ್ನು ಕುರಿತ ಅವರ ಪ್ರಸಿದ್ಧ ಕವಿತೆಯಲ್ಲಿ ಹೆಣ್ಣು ಮಾಗಿದ ಹಣ್ಣು, ಹುಲ್ಲುಗಾವಲು, ನಾಡು ಎಲ್ಲವೂ ಆಗುತ್ತಾಳೆ, ಬಾಯಿ ತೆರೆದು ಒಂದು ಮಾತಾಡುವುದಿಲ್ಲ. ಆಫ್ರಿಕಾ ತಾಯಿಯನ್ನು ನೆನೆದು ಹಾಡುವ ಇಂಥ ಹಾಡುಗಳು ಇನ್ನು ಸಾಲವು ಎಂದು ಸೆನೆಗಲ್‌ನವರೇ ಆದ ಕಾದಂಬರಿಕಾರ್ತಿ ಮರಿಯಾಮಾ ಬಾ ನೇರವಾಗಿ ಹೇಳಿದ್ದರು.

ಪಡಿಯಚ್ಚನ್ನು ಎದುರಿಸಲು ಬೇರೆ ದಾರಿಯೂ ಇತ್ತು. ನೈಜೀರಿಯಾದ ವೋಲೆ ಶೋಯಿಂಕಾ ಅವರ ದೂರವಾಣಿ ಸಂಭಾಷಣೆಯ ಕವಿತೆಯಲ್ಲಿ ಬಾಡಿಗೆ ಮನೆ ಕೇಳುವ ಆಫ್ರಿಕನ್ನನಿಗೆ ಒಡತಿ ಹಾಕುವ ಪ್ರಶ್ನೆ ಒಂದೇ: ಎಷ್ಟು ಕಪ್ಪು? ಅವನು ತನ್ನ ಬಣ್ಣವನ್ನು ಹೊಗಳಿಕೊಳ್ಳುವುದಿಲ್ಲ. ಪಶ್ಚಿಮ ಆಫ್ರಿಕಾದ ಸೀಪಿಯಾ (ಕಂದು ಬಣ್ಣ) ಎಂದು ವಿನಯದಿಂದ ಉತ್ತರಿಸಿ, ಅಂಗೈ ಅಂಗಾಲುಗಳ ಬಣ್ಣವೇ ಬೇರೆ ಎಂದು ವಿವರಿಸುತ್ತ ಹೋಗುತ್ತಾನೆ. ಆ ವಿವರಗಳೆದುರು ಒಡತಿಯ ಪ್ರಶ್ನೆ ತಾನಾಗಿ ಬೆತ್ತಲಾಗುತ್ತದೆ. ವಧು-ವರರ ಅಂಕಣಗಳಲ್ಲಿ ಗೋಧಿ ಬಣ್ಣ, ಎಣ್ಣೆಗೆಂಪು ಎಂದು ಓದಿ ಬೆಳೆದ ನಮಗೆ ಆ ಪ್ರಶ್ನೆಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞ. ಮರಿಯಾಮಾ ಬಾ ಅವರ ಆಕ್ಷೇಪ ನನ್ನ ಪ್ರಶ್ನೆಗಿಂತ ಆಳಕ್ಕೆ ಹೋಗುತ್ತದೆ. ಇನ್ನೊಂದು ತೊಡಕಿದೆ. ಕಪ್ಪು ಜನರಿಗೆ ಬೈಗುಳವಾಗಿದ್ದ 'ನೆಗ್ರ್' ಎಂಬ ಫ್ರೆಂಚ್ ಪದವನ್ನೇ ಎತ್ತಿಕೊಂಡು ಮಾರ್ಟಿನಿಕ್ ದ್ವೀಪದ ಕವಿ ಎಮೆ ಸೆಸೇರ್ ನೆಗ್ರಿಟ್ಯೂಡ್ ಎಂಬ ಹೆಸರು ಕಟ್ಟಿದರು. ಕನ್ನಡದಲ್ಲಿ ಅದನ್ನು 'ಕಪ್ಪುತನ' ಎಂದರೆ ಬೈಗುಳದ ಗಾಯವೇ ಅಳಿಸಿಹೋಗುತ್ತದಲ್ಲವೇ?

ಮೊದಲ ಉತ್ತರ ಬರೆದವರು:
ಹೌದು, ಅದಕ್ಕಾಗಿಯೇ ನಾನು ಮೂಲಪದವನ್ನೇ ಉಳಿಸಿಕೊಳ್ಳುತ್ತೇನೆ. ಕಪ್ಪು ಹೆಣ್ಣಿನ ಕವಿತೆಯ ವಿಚಾರದಲ್ಲಿ ನಾನು ಸೋತೆ. ಅಲ್ಲಿ ಅವಳ ದನಿಯಿಲ್ಲ.